ಏಳನೇ ವಾರ್ಡಿನ ಸೆವಾಸ್ತಿತ್ಸಾ

2009, ನವೆಂಬರ್ 12, ಬೆಳಗ್ಗೆ 11.40. ಕ್ರಸ್ನಾ ಪಟ್ಟಣದ ಠಾಣೆಗೆ ಮ್ಯೂಸಿಯಂ ನಿರ್ದೇಶಕ ದಮಿಯಾನ್ ದೂರು ತಂದರು. ಪ್ರದರ್ಶನದಲ್ಲಿದ್ದ ಇಪ್ಪತ್ತೆರಡು ಚಿತ್ರಗಳಲ್ಲಿ ಒಂದು ಕಾಣೆಯಾಗಿತ್ತು. ಎಲ್ಲವೂ ಊರಿನ, ಈಗ ಮುಚ್ಚಿಹೋಗಿರುವ ಹುಚ್ಚಾಸ್ಪತ್ರೆಯ ಹೆಂಗಸರ ಚಿತ್ರಗಳು. ಅಲ್ಲಿನ ಅಡುಗೆಯವನೊಬ್ಬ ತೆಳು ಹಲಗೆಗಳ ಮೇಲೆ ಅವರನ್ನು ಆಳೆತ್ತರಕ್ಕೆ ಬರೆದಿಟ್ಟು ತೀರಿಕೊಂಡಿದ್ದ. ಊರು ಆ ಹೆಂಗಸರನ್ನು ಎಂದೋ ಮರೆತಿತ್ತು.

ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ಗ್ಲಿಗೋರ್ 12.15ಕ್ಕೆ ಸ್ಥಳ ಪಂಚನಾಮೆ ನಡೆಸಿದರು. ಬೀಗ ಮುರಿದಿರಲಿಲ್ಲ. ಹಿಂಬಾಗಿಲ ಹತ್ತಿರದ ಕನ್ನಡಿಗೆ ಕರಿ ಬಟ್ಟೆ ಹೊದಿಸಿತ್ತು. ಕಾವಲುಗಾರನಿಗೆ ಕಾಣಬಾರದೆಂದು ಮುಚ್ಚಿದ್ದಾರೆ, ರಾಜಧಾನಿ ಬುಖಾರೆಸ್ಟಿನ ಪಳಗಿದ ಗ್ಯಾಂಗೇ ಇರಬೇಕು ಎಂದು ಗ್ಲಿಗೋರ್ ಲೆಕ್ಕ ಹಾಕಿದರು. ಹಳ್ಳಿಯಲ್ಲಿ ಬೆಳೆದ ಕಾನ್‌ಸ್ಟೆಬಲ್ ಸಾಫ್ತಾ ಮೂಗು ಮುರಿದಳು.

"ಗ್ಯಾಂಗೂ ಇಲ್ಲ ಗೀಂಗೂ ಇಲ್ಲ ಸಾರ್. ಸಾವಿನ ಮನೇಲಿ ಕನ್ನಡಿ ಮುಚ್ಚಲ್ವಾ? ಇದು ಯಾರೋ ಸಂಬಂಧಿಕರ ಕೆಲ್ಸ."

ಊರಿಗೆಲ್ಲ ಗೊತ್ತಿದ್ದ ಪದ್ಧತಿ ತಮಗೆ ಹೊಳೆಯಲಿಲ್ಲವಲ್ಲ ಎಂದು ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. ಕಾವಲುಗಾರನನ್ನು ವಿಚಾರಿಸಿದರು. ಎಲೆಕೋಸು ಮಾರುವ ಮುದುಕಿಯೊಬ್ಬಳು ಹತ್ತು ದಿನದಿಂದ ಬಂದು ಅದೊಂದೇ ಚಿತ್ರದ ಮುಂದೆ ನಿಲ್ಲುತ್ತಿದ್ದಳಂತೆ. ಚಿತ್ರ ತಮ್ಮದೆಂದು ಯಾರಾದರೂ ಕೇಳಿದ್ದರೇ ಎಂದಾಗ ದಮಿಯಾನ್ ಟೈ ಸರಿಮಾಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆ ಮುದುಕಿ ಅಮ್ಮನ ಹೆಸರು ಹೇಳಿ ಕೇಳಿದ್ದಳು, ದಾಖಲೆ ತಾ ಎಂದು ಇವರು ಅಟ್ಟಿದ್ದರು.

ದಾಖಲೆ ಹುಡುಕಲು ಪೊಲೀಸರಿಗೆ ಒಂದು ಗಂಟೆ ಸಾಕಾಯಿತು. ಆಸ್ಪತ್ರೆಯ ಹಳೆಯ ರಿಜಿಸ್ಟರಿನಲ್ಲಿ ಹೀಗಿತ್ತು: ಸೆವಾಸ್ತಿತ್ಸಾ, ಏಳನೇ ವಾರ್ಡು, ದಾಖಲು 1953, ಮಗಳು ಅಗ್ಲಾಯಾ, ಆರು ವರ್ಷ. ಸತ್ತ ದಿನ, ಹೂಳಿದ ಜಾಗದ ಕಾಲಂಗಳು ಖಾಲಿಯಿದ್ದವು.

ಮಧ್ಯಾಹ್ನ 3.50ಕ್ಕೆ ಎಲೆಕೋಸಿನ ಮುದುಕಿಯ ಮನೆ ಸಿಕ್ಕಿತು. ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ ತಲೆಯ ಬಳಿ ಮೇಣದಬತ್ತಿ ಹಚ್ಚಲಾಗಿತ್ತು. ಕರಿ ಬಟ್ಟೆ ಉಟ್ಟಿದ್ದ ಅಗ್ಲಾಯಾ ಎದ್ದು ನಿಂತಳು.

"ಇವರೇ ನಿಮ್ಮಮ್ಮ ಅಂತ ಹೇಗೆ ಹೇಳ್ತೀರಿ? ಆಗ ನಿಮಗೆ ಆರು ವರ್ಷ."

"ಎಡಗೈ ನೋಡಪ್ಪಾ. ಪಕ್ಕಕ್ಕೆ ಚಾಚಿ, ಬೆರಳು ಮಡಚ್ಕೊಂಡು ನಿಂತವ್ಳೆ. ನನ್ನ ಕೈನ ಹಂಗೇ ಹಿಡ್ಕೊತಿದ್ಲು."

ಗ್ಲಿಗೋರ್ ನೋಡಿದರು. ಆ ಬೆರಳುಗಳ ನಡುವೆ ಒಂದು ಮಗುವಿನ ಕೈ ಹಿಡಿಸುವಷ್ಟು ಜಾಗವಿತ್ತು.

4.20ಕ್ಕೆ ದಸ್ತಗಿರಿ ಮಾಡಿದರು. ತೆರೆದಿದ್ದ ಹಿಂಬಾಗಿಲಿಂದ ಎಲೆಕೋಸಿನ ತಳ್ಳುಗಾಡಿಯಲ್ಲಿ ಚಿತ್ರ ತಂದೆನೆಂದು ಒಪ್ಪಿಕೊಂಡಳು. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಅಗ್ಲಾಯಾ ಗಾಡಿಯ ಹಿಂದೆ ಓಡಿದ್ದಳಂತೆ, ಗೇಟಿನಲ್ಲೇ ಹಿಡಿದು ನಿಲ್ಲಿಸಿದ್ದರಂತೆ. ಅಮ್ಮ ಸತ್ತಾಗಲೂ ಸುದ್ದಿ ಬರಲಿಲ್ಲ. ಅಮ್ಮನನ್ನು ಒಮ್ಮೆ ಮನೆಯಿಂದಲೇ ಅಂತಿಮ ಯಾತ್ರೆಗೆ ಕಳಿಸಿಕೊಡಬೇಕೆಂದು ಐವತ್ತಾರು ವರ್ಷ ಹಂಬಲಿಸಿದ್ದಳು. ಹೇಳಿಕೆಯಲ್ಲಿ ಬೇರೆ ಕಾರಣವಿಲ್ಲ.

"ಅವ್ಳ ಹಿಂದೆ ನಡ್ಕೊಂಡು ಬರ್ಲಾ?" ಎಂದು ಕೇಳಿದಳು.

ಪೇದೆಗಳು ಹಲಗೆ ಎತ್ತಿದಾಗ ಸಾಫ್ತಾ ತಡೆದು, ಹೆಣ ಹೊರಡಿಸುವ ಪದ್ಧತಿಯಂತೆ ಕಾಲು ಮುಂದಾಗುವ ಹಾಗೆ ತಿರುಗಿಸಿದಳು. ನೆರೆಯ ಗಂಡಸರು ಟೋಪಿ ತೆಗೆದು ನಿಂತರು. ಜೀಪು ಬಾಗಿಲಲ್ಲೇ ಇತ್ತು. ಗ್ಲಿಗೋರ್ ಚಾಲಕನನ್ನು ಕರೆದು, ಅದನ್ನು ಬೀದಿಯ ಆ ತುದಿಗೆ ಒಯ್ದು ನಿಲ್ಲಿಸಲು ಹೇಳಿದರು.