ಇಬ್ಬರು ಫಿಲೊಮೆನಾ

"ಮೊನ್ನೆ ಹದಿನಾರು ಅಂದೆ. ಇವತ್ತು ಹದಿನೈದು ಅಂತೀಯ. ಅಜ್ಜಿ, ಮಿಲ್ಲಿಗೆ ಸೇರಿದಾಗ ನಿಂಗೆ ನಿಜವಾಗ್ಲೂ ಎಷ್ಟು ವಯಸ್ಸು?"

ಜುಲ್ಮೀರಾ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯನ್ನು ತೂತು ಮಾಡುವುದರಲ್ಲಿದ್ದಳು. ಅಜ್ಜಿ ದಿಯೊಲಿಂಡಾ ಸೂಪಿಗೆ ಸೊಪ್ಪು ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವುದೋ ಒಂದು ಹಾಕ್ಕೋ. ಹಳೇ ಕಾಲದ್ದು ಯಾರಿಗೆ ಬೇಕು?"

"ಮಿಸ್‌ಗೆ ಬೇಕು!"

ಜುಲ್ಮೀರಾಳ ಐದನೇ ಕ್ಲಾಸಿನ ಟೀಚರ್ ಮಿಸೆಸ್ ತೀಬೋ ತಮ್ಮ ಫಾಲ್ ರಿವರ್ ಊರಿನ ಹಳೆಯ ಬಟ್ಟೆ ಮಿಲ್ಲುಗಳ ಬಗ್ಗೆ ಮಕ್ಕಳಿಂದಲೇ ಒಂದು ಪುಸ್ತಕ ಬರೆಸುತ್ತಿದ್ದರು. ಮನೆಯ ಹಿರಿಯರನ್ನು ಕೇಳಿ ಎರಡು ಪುಟ ಬರೆದು ತರಬೇಕು. ಪುಸ್ತಕ ಪ್ರಿಂಟಾಗಿ ಲೈಬ್ರರಿಗೆ ಹೋಗುತ್ತದೆ. ನಾಳೆಯೇ ಕೊನೆಯ ದಿನ.

ಉಳಿದವರೆಲ್ಲ ಆಗಲೇ ಕೊಟ್ಟಾಗಿತ್ತು. ಬ್ರೆಂಡನ್ ತನ್ನ ಮುತ್ತಜ್ಜ ಮಿಲ್ಲಿನ ಬೆಂಕಿ ಆರಿಸಿದ ಕತೆ ಓದಿ ಚಪ್ಪಾಳೆ ಗಿಟ್ಟಿಸಿದ್ದ. ಜುಲ್ಮೀರಾ ಬರೆದಿದ್ದು ಮೂರೇ ಸಾಲು: 'ನನ್ನ ಅಜ್ಜಿ ಮಿಲ್ಲಿನಲ್ಲಿ ಪರದೆ ಹೊಲಿಯುತ್ತಿದ್ದರು. ಅಲ್ಲಿ ತುಂಬ ಸದ್ದು. ಬೇಸಿಗೆಯಲ್ಲಿ ಸೆಕೆ.'

ಬೇರೆ ದಿನ ಅಜ್ಜಿಯ ಮಾತು ನಿಲ್ಲಿಸುವುದೇ ಕಷ್ಟ. ಮೀನಂಗಡಿಯವನ ಮದುವೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರು ಎಂದು ಒಂದು ಗಂಟೆ ಹೇಳುತ್ತಾರೆ. ಮಿಲ್ಲಿನ ಸುದ್ದಿ ಬಂದರೆ ಮಾತ್ರ ಬಾಯಿಗೆ ಬೀಗ.

ಆಗ ಕೆಳಗಿನ ಮಹಡಿಯಿಂದ ದೊಡ್ಡಜ್ಜಿ ಫಿಲೊಮೆನಾ ಏದುಸಿರು ಬಿಡುತ್ತಾ ಬಂದರು. ಅವರು ಅಜ್ಜಿಯ ಅಕ್ಕ. ಕೈಯಲ್ಲಿ ಬಿಸಿ ಬಿಸಿ ಸಿಹಿ ಬ್ರೆಡ್ಡು.

"ಏನಿದು ಕೂಗಾಟ? ಮೆಟ್ಟಿಲವರೆಗೂ ಕೇಳಿಸ್ತಿದೆ."

"ದೊಡ್ಡಜ್ಜಿ, ನೀನಾದ್ರೂ ಹೇಳು. ಅಜ್ಜಿ ಮಿಲ್ಲಿಗೆ ಸೇರಿದ್ದು ಎಷ್ಟನೇ ವಯಸ್ಸಿಗೆ?"

"ಹದಿಮೂರು."

"ಅಕ್ಕಾ!" ಅಜ್ಜಿಯ ಚಾಕು ಹಲಗೆಯ ಮೇಲೆ ಟಪ್ಪೆಂದಿತು. "ನಿನ್ನ ಕೇಳಿದ್ರಾ ಯಾರಾದ್ರೂ?"

"ಕೇಳಿದ್ಳಲ್ಲ, ಈಗ್ತಾನೇ!"

ಇಬ್ಬರೂ ತಾವು ಹುಟ್ಟಿ ಬೆಳೆದ ದ್ವೀಪದ ಪೋರ್ಚುಗೀಸ್ ಭಾಷೆಯಲ್ಲಿ ಶುರು ಹಚ್ಚಿಕೊಂಡರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ಜುಲ್ಮೀರಾಳಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅವಳಿಗೆ ರೇಗಿಹೋಯಿತು.

"ಸಾಕು! ಹದಿಮೂರು, ಹದಿನೈದು, ಹದಿನಾರು! ಇಬ್ರೂ ಸುಳ್ಳು ಹೇಳ್ತೀರ. ನಾಳೆ ಎಲ್ಲರೆದುರು ನಿಂತು ಬೈಸ್ಕೊಳ್ಳೋದು ನಾನು!"

ಅಜ್ಜಿ ಹೆಚ್ಚಿದ ಸೊಪ್ಪನ್ನು ಕುದಿಯುವ ಸೂಪಿಗೆ ಹಾಕಿ, ಕುರ್ಚಿ ಎಳೆದು ಕೂತರು.

"ಹದಿಮೂರೇ. ಆದ್ರೆ ಹದಿನಾರು ಆಗ್ದಿದ್ರೆ ಆ ಮಿಲ್ಲಲ್ಲಿ ಕೆಲಸ ಕೊಡ್ತಿರ್ಲಿಲ್ಲ. ನಾವು ಈ ದೇಶಕ್ಕೆ ಬಂದು ಎರಡು ತಿಂಗಳಾಗಿತ್ತು ಅಷ್ಟೇ. ಅಪ್ಪನಿಗೆ ಕೆಲಸ ಇರ್ಲಿಲ್ಲ. ಹದಿನಾರು ಆಗಿದ್ದು ಅಕ್ಕನಿಗೆ. ಅವಳು ನೋಡಿದ್ರೆ ಎದೆ ಕೆಮ್ಮು ಹತ್ತಿ ಹಾಸಿಗೆ ಹಿಡಿದಿದ್ಳು."

"ಅದಕ್ಕೆ?"

"ಅದಕ್ಕೆ ಅಮ್ಮ ಅಕ್ಕನ ಕಾಗದಪತ್ರ ನನ್ನ ಕೈಗೆ ಕೊಟ್ಳು. ಅಕ್ಕನ ಕೋಟು ಹಾಕ್ಕೊಂಡು, ತಲೆಗೆ ಸ್ಕಾರ್ಫ್ ಕಟ್ಕೊಂಡು ಹೋದೆ. ಹೆಸರು ಏನು ಅಂದ್ರು. ಫಿಲೊಮೆನಾ ಅಂದೆ."

"ಗುಣ ಆಗಿ ನಾನು ಎದ್ದು ಹೋದ್ರೆ," ದೊಡ್ಡಜ್ಜಿ ಬ್ರೆಡ್ಡು ಮುರಿಯುತ್ತಾ ಹೇಳಿದರು, "ಆ ಮಿಲ್ಲಲ್ಲಿ ಆಗಲೇ ಒಬ್ಬಳು ಫಿಲೊಮೆನಾ! ನಾನು ಊರಾಚೆ ಮಿಲ್ಲಿಗೆ ಹೋಗ್ಬೇಕಾಯ್ತು. ಹಿಮದಲ್ಲಿ ಎರಡು ಮೈಲಿ ನಡೀತಿದ್ದೆ, ಇವಳಿಂದ!"

ಜುಲ್ಮೀರಾಳಿಗೆ ನಗು ಉಕ್ಕಿ ಬಂತು. ಬ್ರೆಂಡನ್‌ನ ಬೆಂಕಿಗಿಂತ ಎಷ್ಟೋ ಚೆನ್ನಾಗಿದೆ ಇದು! ಪೆನ್ಸಿಲ್ ಎತ್ತಿಕೊಂಡಳು.

"ಬೇಡ ಮಗೂ," ಅಜ್ಜಿ ಅವಳ ಕೈ ಹಿಡಿದರು. "ಸುಳ್ಳು ಕಾಗದ ತೋರಿಸಿದವಳು ಅಂತ ಪ್ರಿಂಟಲ್ಲಿ ಬರೋದು ಬೇಡ. ಲೈಬ್ರರಿಗೆ ಎಲ್ರೂ ಬರ್ತಾರೆ."

ಜುಲ್ಮೀರಾ ನಗು ನಿಲ್ಲಿಸಿದಳು. ಪಕ್ಕದ ಮನೆಯ ಹುಡುಗನಿಗೆ ಹದಿಮೂರು. ಅವನಿಗೆ ಹೋಮ್‌ವರ್ಕ್ ಮಾಡು ಅಂತ ಅವನಮ್ಮ ದಿನಾ ಕೂಗುತ್ತಾರೆ.

"ಆಮೇಲೆ ಸ್ಕೂಲಿಗೆ?" ಮೆಲ್ಲಗೆ ಕೇಳಿದಳು.

"ಇಲ್ಲ. ಐದು ವರ್ಷ ಫಿಲೊಮೆನಾ ಆಗೇ ಇದ್ದೆ. ಯಾರಾದ್ರೂ ಫಿಲೊಮೆನಾ ಅಂತ ಕರೆದ್ರೆ ಥಟ್ಟಂತ ತಿರುಗ್ತಿದ್ದೆ. ಮನೇಲಿ ದಿಯೊಲಿಂಡಾ ಅಂದ್ರೆ ಕೇಳಿಸ್ತಾನೇ ಇರ್ಲಿಲ್ಲ. ನಾಯಿಗೂ ತನ್ನ ಹೆಸರು ಗೊತ್ತಿರತ್ತೆ, ನೀನು ಮರೆತ್ಯೇನೇ ಅಂತ ಅಮ್ಮ ಬೈಯೋಳು." ಅಜ್ಜಿ ನಕ್ಕರು, ಆದರೆ ನಗು ಪೂರ್ತಿ ಬರಲಿಲ್ಲ. "ಆ ಮಿಲ್ಲಿನ ರಿಜಿಸ್ಟರ್ ಹುಡುಕಿದ್ರೂ ನಾನು ಎಲ್ಲೂ ಸಿಗಲ್ಲ."

ಜುಲ್ಮೀರಾ ಮೂರು ದಿನದಿಂದ ಎಷ್ಟು ವಯಸ್ಸು, ಎಷ್ಟು ವಯಸ್ಸು ಎಂದು ಪೀಡಿಸಿದ್ದಳು. ಬೇರೆ ಏನನ್ನೂ ಕೇಳಿರಲೇ ಇಲ್ಲ.

ಅವಳು ಹೊಸ ಹಾಳೆ ತೆಗೆದಳು.

"ಅಜ್ಜಿ, ನೀನು ಬೇಡ ಅಂದಿದ್ದು ಬರೆಯಲ್ಲ. ಹೆಸರು ಮಾತ್ರ ಹೇಳು. ಮೇಲ್ಗಡೆ ಯಾವ ಹೆಸರು ಹಾಕ್ಲಿ?"

"ನನ್ನದಂತೂ ಹಾಕ್ಬೇಡ," ದೊಡ್ಡಜ್ಜಿ ತಿನ್ನುತ್ತಲೇ ಗದರಿದರು. "ಒಂದು ಸಲ ಕೊಟ್ಟಿದ್ದು ಸಾಕು."

ಅಜ್ಜಿ ಎದ್ದು ಒಲೆ ಸಣ್ಣ ಮಾಡಿದರು. ಏಪ್ರನ್ನಿಗೆ ಕೈ ಒರೆಸಿಕೊಂಡರು. ಇನ್ನೊಮ್ಮೆ ಒರೆಸಿಕೊಂಡರು.

"ಕೊಡು ಇಲ್ಲಿ ಪೆನ್ಸಿಲ್," ಎಂದರು.

ಒಂದೊಂದೇ ಅಕ್ಷರ, ದೊಡ್ಡದಾಗಿ, ನಿಧಾನವಾಗಿ ತಮ್ಮ ಹೆಸರು ಬರೆದರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಅದರ ಕೆಳಗೆ 'ವಯಸ್ಸು ೧೩' ಎಂದು ಸೇರಿಸಿದರು.

ಹಾಳೆಯಲ್ಲಿ ಮಕ್ಕಳ ಕೈಬರಹ ಮಾತ್ರ ಇರಬೇಕು ಎಂದು ಮಿಸ್ ಎರಡೆರಡು ಸಲ ಹೇಳಿದ್ದರು. ಜುಲ್ಮೀರಾ ಅದನ್ನು ಹೇಳಲಿಲ್ಲ. ಹಾಳೆ ಜರುಗದ ಹಾಗೆ ಅದರ ಮೂಲೆಯನ್ನು ಒತ್ತಿ ಹಿಡಿದುಕೊಂಡಳು.