ಕೇತಮ್ಮನ ನೋವಿಗೆ ಮೂರು ಅಂಕ

ಲಾರಿ ಅಪಘಾತದಲ್ಲಿ ದವಡೆ ಮುರಿದುಕೊಂಡಿದ್ದ ಮನುಷ್ಯನ ತೋಳಿಗೆ ಸುವಾರ್ತಾ ಪಟ್ಟಿ ಅಂಟಿಸಿದಳು. ಅವನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಪಟ್ಟಿಯ ಒಳಮೈಯಲ್ಲಿ ಕೂದಲಿಗಿಂತ ತೆಳುವಾದ ಸೂಜಿಗಳಿದ್ದವು. ದೇಹ ನೋಯುವಾಗ ರಕ್ತದಲ್ಲಿ ಏರುವ ಕೆಲವು ರಾಸಾಯನಿಕಗಳನ್ನು ಅವು ಅಳೆದು, ನೋವನ್ನು ಹತ್ತರೊಳಗಿನ ಒಂದು ಅಂಕಿಯಾಗಿ ತೋರಿಸುತ್ತಿದ್ದವು. ಒಂಬತ್ತು ಎಂದು ಬಂತು. ಪಕ್ಕದ ಪಂಪು ತಾನಾಗಿಯೇ ತೆರೆದುಕೊಂಡು ರಕ್ತನಾಳಕ್ಕೆ ಹಾಕಿದ್ದ ನಳಿಕೆಯೊಳಗೆ ಔಷಧಿಯನ್ನು ಹನಿಹನಿಯಾಗಿ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಅವನ ಗಂಟಿಕ್ಕಿದ ಹುಬ್ಬು ಸಡಿಲಾಯಿತು.

"ಮಾತ ಬರದವರ ಮಾತೂ ಕೇಳ್ತೈತಿ ನೋಡ್ರಿ ಇದು," ಎಂದು ಸುವಾರ್ತಾ ಅವನ ಹೆಂಡತಿಗೆ ಹೇಳಿದಳು. ಆ ಯಂತ್ರದ ಮೇಲೆ ಅವಳಿಗೆ ಆಗ ಪ್ರೀತಿಯೇ ಇತ್ತು.

ಈ ಶತಮಾನದ ಅರವತ್ತರ ದಶಕದ ಮೊದಲ ವರ್ಷಗಳು ಅವು. ಗದಗ-ಬೆಟಗೇರಿಯ ಸುವಾರ್ತಾ ಊರೂರು ತಿರುಗುವ ಗುತ್ತಿಗೆ ನರ್ಸ್. ರಕ್ತನಾಳದ ಮೂಲಕ ಔಷಧಿ ಕೊಡುವುದು ಅವಳ ವಿಶೇಷ ತರಬೇತಿ. ನರ್ಸುಗಳಿಲ್ಲದ ಕಡೆ ಅವಳನ್ನು ಕಳಿಸುತ್ತಿದ್ದರು. ಬೀದರಿನಲ್ಲಿ ಹಾಸಿಗೆ ಬಿಚ್ಚಿ ಕಾರವಾರದಲ್ಲಿ ಮಡಚುವ ಬಾಳು. ಕಾಯುವವರು ಯಾರೂ ಇಲ್ಲದ ಬಾಡಿಗೆ ಕೋಣೆ, ಡಬ್ಬಿಯ ಊಟ, ಪ್ರತಿ ಊರಿನಲ್ಲೂ ಹೊಸ ಮಾತಿನ ಧಾಟಿ. ಅವಳಿಗೆ ಅದು ಒಗ್ಗಿಹೋಗಿತ್ತು.

ಆ ವರ್ಷ ಹೊಸ ನಿಯಮವೊಂದು ಬಂತು. ಬಲವಾದ ನೋವಿನೌಷಧಿಗಳು ದುರುಪಯೋಗವಾಗುತ್ತಿವೆಯೆಂದು ಪಂಪುಗಳಿಗೆಲ್ಲ ಬೀಗ ಹಾಕಿದರು. ಪಟ್ಟಿ ಐದಕ್ಕಿಂತ ಹೆಚ್ಚು ತೋರಿಸಿದರೆ ಮಾತ್ರ ಬೀಗ ತೆರೆಯುತ್ತಿತ್ತು.

ನಿಯಮ ಬಂದ ಹೊಸದರಲ್ಲೇ ಅವಳನ್ನು ಚಾಮರಾಜನಗರದ ಕಡೆಯ ಬೆಟ್ಟಕ್ಕೆ, ಪೋಡುಗಳೆಂಬ ಸೋಲಿಗರ ಸಣ್ಣ ಹಾಡಿಗಳಿಗೆ ಕಳಿಸಿದರು. ಅಲ್ಲಿ ಕೇತಮ್ಮನೆಂಬ ಹುಡುಗಿಯಿದ್ದಳು. ಅವಳಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ. ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಮುಂದಕ್ಕೆ ರಕ್ತ ಹರಿಯದೆ ಮೂಳೆಗಳು ಒಳಗಿನಿಂದ ನೋಯತೊಡಗುತ್ತವೆ. ಇದನ್ನು ಬೇರಿನಿಂದ ವಾಸಿಮಾಡುವ ಚಿಕಿತ್ಸೆ ನಗರಗಳಿಗೆ ಬಂದು ಎಷ್ಟೋ ವರ್ಷವಾಗಿತ್ತು. ಬೆಟ್ಟ ಹತ್ತಲು ಅದಕ್ಕೆ ಇನ್ನೂ ಪುರಸೊತ್ತಾಗಿರಲಿಲ್ಲ.

ಸುವಾರ್ತಾಳ ವ್ಯಾನು ಪೋಡಿಗೆ ಬಂದಾಗ ಕೇತಮ್ಮನನ್ನು ಕಂಬಳಿಯಲ್ಲಿ ಹೊತ್ತು ತಂದು ಒಳಗೆ ಮಲಗಿಸಿದರು. ಅವಳು ಅಳುತ್ತಿರಲಿಲ್ಲ. ಮೊಣಕಾಲನ್ನು ಎದೆಗೊತ್ತಿಕೊಂಡು ಕಂಬಳಿಯ ಅಂಚನ್ನು ಕಚ್ಚಿದ್ದಳು.

"ಎಲ್ಲಿ ನೋಯ್ತೈತವ್ವಾ?"

"ಮೂಳೆ ಒಳ್ಗೆ ಕೊಡ್ಲಿ ಮಸ್ದಂಗಾಯ್ತದೆ ಸಿಸ್ಟ್ರೇ. ತಡಿಯಕ್ಕಾಗಲ್ಲ."

ಸುವಾರ್ತಾ ಬತ್ತಿದ ಕೈಯಲ್ಲಿ ನಾಳ ಹುಡುಕಿ ಮೊದಲು ಸಲೈನ್ ಹಾಕಿದಳು. ಆಮೇಲೆ ಪಟ್ಟಿ ಅಂಟಿಸಿದಳು. ಮೂರು ಎಂದು ಬಂತು. ತೆಗೆದು ಇನ್ನೊಂದು ತೋಳಿಗೆ ಹಾಕಿದಳು. ಮೂರೇ. ಪಂಪು ಮಿಸುಕಲಿಲ್ಲ. ಪಂಪುಗಳ ಬೀಗವನ್ನು ದೂರದಿಂದಲೇ ತೆಗೆಯಬಲ್ಲ ನಿಯಂತ್ರಣ ಕೇಂದ್ರಕ್ಕೆ ಅವಳು ಕರೆ ಮಾಡಿದಳು.

"ಮೂರಕ್ಕೆ ಮಾತ್ರೆ ಸಾಕಲ್ವಾ ಮೇಡಂ," ಎಂದರು ಅಲ್ಲಿನ ಡಾಕ್ಟರು. ತುಂಬ ಸಭ್ಯ ದನಿ.

"ಸರ್, ಹುಡುಗಿ ಬಾಯಾಗಿಂದ ರಕ್ತ ಬರೂಹಂಗ ಕಚ್ಚಿ ಹಿಡದಾಳ್ರಿ. ಬೀಗ ತಗೀರಿ."

"ಪೇಷಂಟ್‌ಗಳು ಹಾಗೆ ಮಾಡ್ತಾರೆ ಮೇಡಂ. ಪಟ್ಟಿ ಸುಳ್ಳು ಹೇಳಲ್ಲ. ನಂಬರ್ ಬರಲಿ, ಅದೇ ತೆರ್ಕೊಳ್ಳುತ್ತೆ."

ಕರೆ ಮುಗಿಯಿತು. ಒಂದು ಮೊಳ ದೂರದಲ್ಲಿ ಔಷಧಿ ತುಂಬಿದ ಪಂಪು, ಅದರ ಪಕ್ಕದಲ್ಲೇ ನರಳುವ ಹುಡುಗಿ. ಪಂಪಿನ ತಲೆ ಒಡೆಯೋಣವೆಂದು ಸುವಾರ್ತಾ ಸಲೈನಿನ ಕಂಬಿಗೆ ಕೈಹಾಕಿದಳು. ಒಡೆದರೆ ಔಷಧಿಯೂ ಕೆಡುತ್ತದೆ. ಕೈ ತೆಗೆದಳು.

ಆಮೇಲೆ ಕೇತಮ್ಮನ ತೋಳಿನಿಂದ ಪಟ್ಟಿಯನ್ನು ಕಿತ್ತು ತನ್ನ ತೋಳಿಗೆ ಅಂಟಿಸಿಕೊಂಡಳು. ಯಾರ ತೋಳೆಂದು ಅದು ಕೇಳಲಿಲ್ಲ. ವ್ಯಾನಿನ ಬಾಗಿಲ ಸಂದಿಯಲ್ಲಿ ಎಡಗೈ ಬೆರಳುಗಳನ್ನಿಟ್ಟು, ಬಲಗೈಯಿಂದ ಬಾಗಿಲನ್ನು ಜಗ್ಗಿ ಮುಚ್ಚಿದಳು.

ಹೊರಗೆ ನಿಂತಿದ್ದವರಿಗೆ ಕೇಳಿದ್ದು ಒಂದೇ ಕೂಗು. ಪಟ್ಟಿ ಎಂಟು ತೋರಿಸಿತು. ಪಂಪು ತೆರೆಯಿತು. ಕೇತಮ್ಮನ ನಳಿಕೆಯಲ್ಲಿ ಔಷಧಿ ಇಳಿಯತೊಡಗಿತು. ಊದುತ್ತಿದ್ದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು, ಹುಡುಗಿಯ ಉಸಿರಾಟದ ಮೇಲೆ ಕಣ್ಣಿಟ್ಟು ಸುವಾರ್ತಾ ಕುಳಿತಳು. ಕೇತಮ್ಮ ಕಂಬಳಿಯನ್ನು ಬಾಯಿಂದ ಬಿಟ್ಟು ನಿದ್ದೆಹೋದ ಮೇಲೆ ಕೇಂದ್ರಕ್ಕೆ ಮತ್ತೆ ಕರೆ ಮಾಡಿ, ಮಾಡಿದ್ದನ್ನೆಲ್ಲ ತಾನೇ ಹೇಳಿದಳು.

ಗುತ್ತಿಗೆಯ ಸಂಸ್ಥೆ ಅವಳನ್ನು ಕೆಲಸದಿಂದ ತಡೆಹಿಡಿಯಿತು. ವಿಚಾರಣೆಗೆ ತಾಂತ್ರಿಕ ಅಭಿಪ್ರಾಯ ಬೇಕೆಂದು ಪಟ್ಟಿಯನ್ನು ಕಂಡುಹಿಡಿದ ಡಾ. ಅಂಬುಜಾ ಕಾಮತರನ್ನೇ ಕೇಳಿದರು, ಸುವಾರ್ತಾಳನ್ನೂ ಪೋಡಿಗೆ ಕರೆಸಿದರು. ಅಂಬುಜಾ ಮೈಸೂರಿನಿಂದ ಅಲ್ಲಿಗೆ ಬಂದಿಳಿದಾಗ ಅವರಿಗೂ ಸಿಟ್ಟು ಬಂದಿತ್ತು.

"ಹನ್ನೆರಡು ವರ್ಷದ ಕೆಲಸ ಅದು," ಎಂದರು. "ನನ್ನ ಮಗ ದಿನ ತುಂಬದೆ ಹುಟ್ಟಿದ. ಅವನಿಗೆ ನೋವಾಗುತ್ತೆ ಅಂದರೆ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, ಕೂಸಿಗೆ ಏನು ಗೊತ್ತಾಗುತ್ತೆ ಅಂದರು. ಅಂಥವರನ್ನ ನಂಬಲಿ ಅಂತ ಇದನ್ನ ಮಾಡಿದೆ. ನೀವು ಅದಕ್ಕೇ ಮೋಸ ಮಾಡಿದಿರಿ."

"ಹೌದ್ರಿ, ಮಾಡೇನಿ." ಸುವಾರ್ತಾಳ ಎರಡು ಬೆರಳಿಗೆ ಬ್ಯಾಂಡೇಜು ಕಟ್ಟಿತ್ತು. "ನಿಮ್ಮ ಕೂಸಿಗೆ ಬಾಯಿ ಇರ್ಲಿಲ್ಲ. ಈಕಿಗೆ ಬಾಯಿ ಐತಿ. ನೋಯ್ತೈತಿ ಅಂತ ಈಕಿ ಹೇಳಿದ್ಲು. ಹೇಳಿದ್ದು ಸಾಲದಂತ. ನನ್ನ ಬೆರಳ ಮುರದ್ರ ಯಂತ್ರ ನಂಬತೈತಿ, ಈಕಿ ಬಾಯಿ ಬಿಟ್ಟ ಹೇಳಿದ್ರ ಯಾರೂ ನಂಬೂದಿಲ್ಲ. ಇದ್ಯಾವ ನ್ಯಾಯಾರಿ?"

ಅಂಬುಜಾ ಕೇತಮ್ಮನ ಪಕ್ಕ ಕುಳಿತು ಪಟ್ಟಿ ಹಾಕಿದರು. ಮತ್ತೆ ಮೂರು.

"ಈಗ ನೋವಿದೆಯಾ?"

"ಸ್ವಲ್ಪ ಅದೆ. ಯಾವಾಗ್ಲೂ ಇರ್ತದಲ್ಲ."

"ಯಾವಾಗಿಂದ?"

ಕೇತಮ್ಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹುಟ್ದಾಗಿಂದ," ಎಂದಳು.

ನೋವು ತಡೆಯಲಾಗದ ದಿನವೂ ಮೂರು, ಸ್ವಲ್ಪವಿರುವ ಈ ದಿನವೂ ಮೂರು ಎಂಬುದು ಅಂಬುಜಾರಿಗೆ ಹೊಳೆಯಿತು. ಅವರು ಪಟ್ಟಿಯನ್ನು ಹೊಂದಿಸಿದ್ದು ಆರೋಗ್ಯವಂತ ಕಾಲೇಜು ವಿದ್ಯಾರ್ಥಿಗಳ ಮೇಲೆ, ಮಂಜುಗಡ್ಡೆಯ ನೀರಿನಲ್ಲಿ ಕೈಯಿಡಿಸಿ. ಆ ದೇಹಗಳಿಗೆ ನೋವು ಅತಿಥಿ. ಬಂದ ಕೂಡಲೇ ಇಡೀ ಮನೆ ಗದ್ದಲವೆಬ್ಬಿಸುತ್ತದೆ. ನೋವು ಬಂದು ಮನೆಯಲ್ಲೇ ಉಳಿದ ದೇಹ ಗದ್ದಲ ಮಾಡಿ ಮಾಡಿ ದಣಿದು ಸುಮ್ಮನಾಗುತ್ತದೆ. ರಾಸಾಯನಿಕ ಏರುವುದು ನಿಲ್ಲುತ್ತದೆ, ನೋವು ನಿಲ್ಲುವುದಿಲ್ಲ.

"ನನ್ನ ಲೆಕ್ಕ ತಪ್ಪಿದೆ," ಎಂದರು ಮೆಲ್ಲಗೆ. "ತಿದ್ದಬಹುದು. ಒಂದು ವರ್ಷ ಬೇಕಾಗುತ್ತೆ."

"ತಿದ್ರಿ. ಆ ಒಂದು ವರ್ಷ ಈಕಿ ಏನ ಮಾಡ್ಬೇಕು? ನಿಮ್ಮ ಅಂಕಿಗಾಗಿ ಕಾಯ್ಬೇಕನ?"

ಅಂಬುಜಾ ತಮ್ಮ ಅಭಿಪ್ರಾಯದಲ್ಲಿ ಪಟ್ಟಿಯ ದೋಷವನ್ನು ಒಪ್ಪಿಕೊಂಡರು, ಬೀಗವನ್ನೇ ತೆಗೆಯಿರಿ ಎಂದೂ ಬರೆದರು. ಮೇಲಿನವರು ಮೊದಲನೆಯದನ್ನು ಸ್ವೀಕರಿಸಿ, ಎರಡನೆಯದನ್ನು ಪರಿಶೀಲನೆಗೆ ಇಟ್ಟರು. ಮುಂದಿನ ವರ್ಷ ಸುಧಾರಿತ ಪಟ್ಟಿ ಬಂತು, ಜೊತೆಗೆ ಯಾರ ತೋಳೆಂದು ಗುರುತಿಸುವ ಸೌಲಭ್ಯವೂ ಬಂತು. ಬೀಗ ಹಾಗೇ ಉಳಿಯಿತು. ಸುವಾರ್ತಾಳ ಗುತ್ತಿಗೆ ನವೀಕರಣವಾಗಲಿಲ್ಲ. ಅವಳು ಗಡಿ ದಾಟಿ ಬೇರೆ ರಾಜ್ಯದಲ್ಲಿ ಕೆಲಸ ಹಿಡಿದಳು.

ಅಂದು ಅಂಬುಜಾ ಪೋಡಿನಿಂದ ಹೊರಟಾಗ ಕೇತಮ್ಮನ ತಾಯಿ ಮಾದಮ್ಮ ಕಾರಿನವರೆಗೆ ಬಂದಿದ್ದಳು. ಏನಾದರೂ ಹೇಳಬೇಕೆಂದು ಅಂಬುಜಾ, "ಈ ಯಂತ್ರ ಬರದೇ ಇದ್ದಿದ್ದರೇ ಚೆನ್ನಾಗಿತ್ತೇನೋ ನಿಮಗೆ," ಎಂದರು.

ಮಾದಮ್ಮ ಇಲ್ಲವೆಂದು ತಲೆಯಾಡಿಸಿದಳು. "ನಮ್ಮವ್ವಂಗೂ ಇದೇ ಕಾಯ್ಲೆ ಕಣಮ್ಮ. ನಾನಾಗ ಸಣ್ಣವಳು, ಕೊರೋನಾ ಬಂದೋಗಿತ್ತಲ್ಲ, ಅದಾದ್ಮೇಲೆ. ಆಸ್ಪತ್ರೆಗೆ ಹೊತ್ಕೊಂಡೋದ್ರೆ ಅಲ್ಲಿನವ್ರು ಮುಖ ನೋಡ್ಬುಟ್ಟು, ನಾಟಕ ಆಡ್ತಾಳೆ, ಸೂಜಿ ರುಚಿ ಹತ್ಬುಟ್ಟದೆ ಇವ್ಳಿಗೆ ಅಂದ್ರು. ವರಾಂಡದಲ್ಲೇ ಮಲಗಿಸ್ಕೊಂಡಿದ್ದೊ. ವಾಪಸ್ ಬರೋ ದಾರೀಲಿ ಹೋಗ್ಬುಟ್ಳು."

ಕಾರು ಬೆಟ್ಟ ಇಳಿಯುವಾಗ ಅಂಬುಜಾ ಅದನ್ನೇ ಯೋಚಿಸಿದರು. ಆ ಕಾಲದಲ್ಲಿ ಪಟ್ಟಿ ಇರಲಿಲ್ಲ, ಅಂಕಿ ಇರಲಿಲ್ಲ, ತಾನಾಗಿಯೇ ಮುಚ್ಚಿಕೊಳ್ಳುವ ಪಂಪೂ ಇರಲಿಲ್ಲ. ಔಷಧಿ ಕಪಾಟಿನಲ್ಲೇ ಇತ್ತು. ಅದರ ಬೀಗದಕೈ ಮನುಷ್ಯರ ಜೇಬಿನಲ್ಲಿತ್ತು.