ಕರೆದ ಮೇಲೆ ಬಾ

“ಹಚ್ಚೋ ಮಹೇಶ! ಅವಳ ಹತ್ರಾನೇ ಹಚ್ಚು! ಅದೆಷ್ಟು ದಿನ ಹೆದರ್ತಾಳೋ ನೋಡೇಬುಡಾನ!”

ಅಂಗಳದಲ್ಲಿ ನಿಂತು ಗುರುಶಾಂತಮ್ಮ ಕೂಗಿದಳು. ಮಗನ ಕೈಯಲ್ಲಿ ಪಟಾಕಿ ಸರವಿತ್ತು. ಏಳು ತಿಂಗಳ ಬಸುರಿ ಸೊಸೆ ಯಾಳಿನಿ ಜಗುಲಿಯ ಕಂಬ ತಬ್ಬಿಕೊಂಡು, “ಬೇಡ ಅತ್ತೆ... ನಿಮ್ಮ ಕಾಲಿಗೆ ಬೀಳ್ತೀನಿ...” ಎಂದು ಅಳುತ್ತಿದ್ದಳು.

ಹಾನುಬಾಳಿನಾಚೆಯ ಆ ಕಾಡಂಚಿನ ಊರಲ್ಲಿ ಆನೆ ಗದ್ದೆಗಿಳಿದರೆ ಪಟಾಕಿ ಹೊಡೆಯುವುದು ಮುಖ ತೊಳೆದಷ್ಟೇ ಸಹಜ. ತೊಟ್ಟಿಲ ಕೂಸೂ ಆ ಸದ್ದಿಗೆ ಏಳುವುದಿಲ್ಲ. ಆದರೆ ಈ ಸೊಸೆ! ಶ್ರೀಲಂಕಾದ ಯುದ್ಧದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು, ತಮಿಳುನಾಡಿನ ನಿರಾಶ್ರಿತರ ಕ್ಯಾಂಪಿನಲ್ಲಿ ಬೆಳೆದು, ಕಾಫಿ ಕುಯ್ಯಲು ಎಸ್ಟೇಟಿನ ಕೂಲಿಲೈನಿಗೆ ಬಂದವಳು. ಮಹೇಶ್ ಮೆಚ್ಚಿ ಕೈಹಿಡಿದವಳು. ಪಟಾಕಿ ಸಿಡಿದರೆ ಸಾಕು, ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿ, ತೋಟದಂಚಿನ ಆನೆ ಕಂದಕಕ್ಕಿಳಿದು ಕಿವಿ ಮುಚ್ಚಿ ಕೂತುಬಿಡುವಳು. ಯಾರು ಎಳೆದರೂ ಬಾರಳು.

“ಆನೆ ತಡೀಲಿ ಅಂತ ತೋಡಿದ್ ಕಂದಕ, ನಿಮ್ ಸೊಸೇನೇ ಹಿಡೀತಲ್ಲ ಗುರುಶಾಂತಕ್ಕ!” ಎಂದು ನೆರೆಮನೆಯ ಪುಷ್ಪಾ ನಕ್ಕಿದ್ದಳು.

ಆ ನಗು ಗುರುಶಾಂತಮ್ಮನಿಗೆ ಚುಚ್ಚಿತ್ತು. ಹೊಸ ಎತ್ತನ್ನು ಸದ್ದಿಗೆ ಪಳಗಿಸಿದ ಕೈ ಅವಳದು. ಒಮ್ಮೆ ಹತ್ತಿರದಲ್ಲೇ ಸಿಡಿದರೆ ಭಯ ಬಿಟ್ಟುಹೋಗುತ್ತದೆ, ಹುಟ್ಟುವ ಕೂಸಿಗೂ ಒಳ್ಳೆಯದು ಎಂದೇ ಅವಳ ಲೆಕ್ಕ. ಕೆಟ್ಟ ಮನಸ್ಸಿರಲಿಲ್ಲ, ಪಾಪ... ಗೊತ್ತಿರಲಿಲ್ಲ, ಅಷ್ಟೆ.

ತಾಯಿಯ ಮಾತು ಮೀರಲಾರದೆ ಮಹೇಶ್ ಕಡ್ಡಿ ಗೀರಿದ. ಯಾಳಿನಿ ಚೀರಿ ಓಡಿದಳು. ಕಂದಕದ ಅಂಚಿನ ಹಸಿಮಣ್ಣು ಕಾಲಡಿ ಕುಸಿಯಿತು...

ಕೂಸು ಉಳಿಯಲಿಲ್ಲ.

“ಈ ಭಯ ನಾಟಕ ಅಲ್ಲಮ್ಮ, ಕಾಯಿಲೆ,” ಎಂದರು ಆಸ್ಪತ್ರೆಯ ಡಾಕ್ಟರಮ್ಮ. “ಹೆದರಿಸಿದರೆ ವಾಸಿಯಾಗಲ್ಲ, ಗಾಯ ಇನ್ನೂ ಬಿರಿಯುತ್ತೆ. ಹಾಸನದಲ್ಲಿ ಇದಕ್ಕೇ ಡಾಕ್ಟರಿದ್ದಾರೆ. ಇಷ್ಟು ವರ್ಷ ಯಾರೂ ತೋರಿಸಲಿಲ್ಲವಾ?”

ಯಾರೂ ತೋರಿಸಿರಲಿಲ್ಲ.

ಗುರುಶಾಂತಮ್ಮ ಸೊಸೆಯ ಮಂಚದ ಬಳಿ ಕೂತಳು. “ಯಾಕವ್ವ ಆ ಕಂದಕಕ್ಕೇ ಓಡ್ತಿದ್ದೆ?”

“ನಮ್ಮೂರಲ್ಲಿ ಮನೆಮನೆಗೂ ಅಂಥ ಗುಂಡಿ ಅತ್ತೆ. ಶೆಲ್ ಬಾಂಬು ಬೀಳುವಾಗ ಅದರಲ್ಲೇ ಕೂರೋದು. ನಂಗಾಗ ಒಂಬತ್ತು ವರ್ಷ. ನೀರು ತರ್ತೀನಿ ಅಂತ ಅಮ್ಮ ಮೇಲೆ ಹೋದಳು. ‘ನಾನು ಕರೆದ ಮೇಲೆ ಬಾ, ಅಲ್ಲೀತನಕ ಕದಲಬೇಡ’ ಅಂದಳು... ಕರೀಲೇ ಇಲ್ಲ ಅತ್ತೆ...”

“ಅಯ್ಯೋ, ನನ್ನ ಕೈಯಾರೆ ಕೊಂದ್ಬುಟ್ಟೆನಲ್ಲವ್ವ!”

ಯಾಳಿನಿ ಗೋಡೆಯ ಕಡೆ ತಿರುಗಿ ಮಲಗಿದಳು.

ತಿಂಗಳ ಬಳಿಕ, ಭತ್ತ ಬಲಿತಿದ್ದ ಒಂದು ಬೆಳಿಗ್ಗೆ ಆನೆಗಳು ಗದ್ದೆಗಿಳಿದವು. ಮಹೇಶ್ ಪಟಾಕಿ ಡಬ್ಬ ತಂದ. ಗುರುಶಾಂತಮ್ಮ ಅದರ ಮೇಲೆ ಕೊಡ ನೀರು ಸುರಿದಳು!

“ವರ್ಷದ ಅನ್ನ ಕಣವ್ವ!”

“ತಿನ್ನಲಿ ಬುಡೋ. ನಂ ಹಟ್ಟೀಲಿ ಇನ್ನು ಆ ಸದ್ದು ಬ್ಯಾಡ.”

ಆದರೆ ಊರೆಲ್ಲ ಅವಳ ಮಾತು ಕೇಳೀತೇ? ಪಕ್ಕದ ಗದ್ದೆಯಲ್ಲಿ ಢಮಾರ್ ಎಂದಿತು. ಅಡುಗೆಮನೆ ಬರಿದು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

“ಅವ್ವಾ, ಹೋಗ್ಬ್ಯಾಡ! ಆನೆ ಅಲ್ಲೇ ಐತೆ!” ಎಂದು ಮಗ ಕೂಗುತ್ತಲೇ ಇದ್ದ. ಗುರುಶಾಂತಮ್ಮ ಕಂದಕದೊಳಕ್ಕೆ ಕೂತೇ ಜಾರಿದಳು. ಕಿವಿ ಮುಚ್ಚಿದ್ದ ಸೊಸೆಯನ್ನು ಸೆರಗಿನಲ್ಲಿ ಸುತ್ತಿ, ಸದ್ದು ನಿಲ್ಲುವತನಕ ಅಪ್ಪಿ ಕೂತಳು. ಆಮೇಲೆ ಮಂಡಿ ಊರಿ, ಬೇರು ಹಿಡಿದು ತಾನೇ ಮೊದಲು ಮೇಲೆ ಹತ್ತಿದಳು. ಬಗ್ಗಿ ಕೈ ಚಾಚಿದಳು.

“ಯಾಳಿನೀ... ಎಲ್ಲಾ ಮುಗೀತು ಕಣೇ. ನಾನು ಕರೀತಿವ್ನಿ. ಮೇಲೆ ಬಾ ಮಗಳೇ...”

ಆಮೇಲೆ ಕೆಸರು ಮೆತ್ತಿದ ಒಂದು ಕೈ ಮೇಲೆ ಬಂತು. ಇನ್ನೊಂದು ಕೈ ಮಾತ್ರ, ಬರಿದಾದ ಹೊಟ್ಟೆಯ ಮೇಲೇ ಇತ್ತು.